ಪರಿಸರ ಗ್ರಾಮ ಎಂದರೇನು? ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಗ್ರಾಮಸ್ಥರಿಗೆ ಮಾಹಿತಿ

ತಮ್ಮ ಊರನ್ನು ಪರಿಸರ ಗ್ರಾಮವನ್ನಾಗಿ ರೂಪಿಸಲು ಇಚ್ಛಿಸುವ ಗ್ರಾಮಸ್ಥರು, ಸ್ವಸಹಾಯ ಗುಂಪುಗಳು ಹಾಗೂ ಯುವಕ ಮಂಡಳಿಗಳು ಯಾವುದೇ ಅರ್ಜಿಯನ್ನು ಸಲ್ಲಿಸುವ ಮುನ್ನ ಈ ಪದದ ಅರ್ಥವನ್ನು ತಿಳಿದುಕೊಳ್ಳುವುದು ಅವಶ್ಯಕ. ಪರಿಸರ ಗ್ರಾಮ ಎಂಬುದು ಕಂದಾಯ ಗ್ರಾಮದಂತೆ 1964ರ ಕರ್ನಾಟಕ ಭೂಕಂದಾಯ ಅಧಿನಿಯಮದಲ್ಲಿ ನಿರೂಪಿತವಾದ ವರ್ಗವಲ್ಲ. ಪಹಣಿಯಲ್ಲಾಗಲಿ ಗ್ರಾಮ ನಕ್ಷೆಯಲ್ಲಾಗಲಿ ಅದಕ್ಕೆ ಪ್ರತ್ಯೇಕ ಕಲಂ ಇರುವುದಿಲ್ಲ. ಊರಿನ ಪ್ರವೇಶದಲ್ಲಿ ಫಲಕವೊಂದನ್ನು ನಿಲ್ಲಿಸಿದ ಮಾತ್ರಕ್ಕೆ ಯಾವ ಗ್ರಾಮವೂ ಪರಿಸರ ಗ್ರಾಮವಾಗುವುದಿಲ್ಲ. ಊರು ತನ್ನ ನೀರು, ಮಣ್ಣು, ಹುಲ್ಲುಗಾವಲು, ತ್ಯಾಜ್ಯ ಮತ್ತು ದುಡಿಮೆಯ ಲೆಕ್ಕವನ್ನು ತಾನೇ ಇಟ್ಟು, ಆ ಲೆಕ್ಕಕ್ಕೆ ಅನುಗುಣವಾಗಿ ಗ್ರಾಮಸಭೆಯಲ್ಲಿ ತೀರ್ಮಾನ ಕೈಗೊಂಡು ನಡೆಯುವ ಪದ್ಧತಿಗೆ ಈ ಹೆಸರು ಸಲ್ಲುತ್ತದೆ. ಇದಕ್ಕೆ ನೆರವಾಗುವ ಸೇವೆಗಳು ಬೇರೆ ಬೇರೆ ಇಲಾಖೆಗಳಲ್ಲಿ ಹಂಚಿಕೊಂಡಿದ್ದು, ಅವುಗಳನ್ನು ಯಾವ ಕ್ರಮದಲ್ಲಿ ಕೋರಬೇಕೆಂಬುದನ್ನು ಮುಂದೆ ವಿವರಿಸಲಾಗಿದೆ.

ವ್ಯಾಖ್ಯಾನ

ಈ ಪರಿಕಲ್ಪನೆಯನ್ನು ರಾಬರ್ಟ್ ಗಿಲ್ಮನ್ ಮತ್ತು ಡಯಾನ್ ಗಿಲ್ಮನ್ ಅವರು ಡೆನ್ಮಾರ್ಕಿನ ಗಾಯಾ ಟ್ರಸ್ಟ್ ಸಂಸ್ಥೆಗಾಗಿ 1991ರಲ್ಲಿ ಸಿದ್ಧಪಡಿಸಿದ ವರದಿಯಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದರು. ಅದರ ಸಾರಾಂಶ ಹೀಗಿದೆ: ವಸತಿಯ ಗಾತ್ರವು ಅಲ್ಲಿನವರು ಒಬ್ಬರನ್ನೊಬ್ಬರು ಬಲ್ಲಷ್ಟು ಮಿತಿಯಲ್ಲಿರಬೇಕು. ವಾಸ, ಬೇಸಾಯ, ಕಸುಬು, ವ್ಯಾಪಾರ, ಮನರಂಜನೆ ಇವೆಲ್ಲವೂ ಬಹುಪಾಲು ಅಲ್ಲಿಯೇ ದೊರೆಯಬೇಕು. ಅಲ್ಲಿ ನಡೆಯುವ ಕೆಲಸಕಾರ್ಯಗಳು ನಿಸರ್ಗಕ್ಕೆ ಹಾನಿಯುಂಟುಮಾಡದೆ ಅದರೊಂದಿಗೆ ಬೆರೆತಿರಬೇಕು. ಜನರ ಆರೋಗ್ಯ ಮತ್ತು ಏಳಿಗೆಗೆ ಪೂರಕವಾಗಿರಬೇಕು. ಇದೆಲ್ಲ ತಲೆಮಾರುಗಳವರೆಗೆ ನಡೆದುಕೊಂಡು ಹೋಗುವಂತಿರಬೇಕು. 1995ರಲ್ಲಿ ಸ್ಕಾಟ್ಲೆಂಡಿನ ಫಿಂಡ್‌ಹಾರ್ನ್‌ನಲ್ಲಿ ಸೇರಿದ ಇಂತಹ ವಸತಿಗಳ ಪ್ರತಿನಿಧಿಗಳು ಜಾಗತಿಕ ಜಾಲವೊಂದನ್ನು ರಚಿಸಿಕೊಂಡರು. ನಮ್ಮ ದೇಶದಲ್ಲಿ ಪುದುಚೇರಿಯ ಸಮೀಪ 1968ರಲ್ಲಿ ಸ್ಥಾಪಿತವಾದ ಆರೋವಿಲ್ ಈ ಬಗೆಯ ವಸತಿಗಳಲ್ಲಿ ಹೆಚ್ಚು ಪರಿಚಿತವಾದುದು.

ಇಂತಹ ವಸತಿಗಳಿಗೂ ನಮ್ಮ ಹಳ್ಳಿಗಳಿಗೂ ಇರುವ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಲ್ಲಿ ಸಮಾನ ಆಸಕ್ತಿಯುಳ್ಳವರು ತಾವಾಗಿ ಬಂದು ನೆಲೆಸಿರುತ್ತಾರೆ. ನಮ್ಮ ಊರುಗಳಲ್ಲಿ ಜಮೀನುಳ್ಳವರು, ಜಮೀನಿಲ್ಲದವರು, ನಾನಾ ಜಾತಿ ಕಸುಬುಗಳವರು ಹಿಂದಿನಿಂದಲೂ ಒಟ್ಟಿಗೆ ವಾಸಿಸುತ್ತಿದ್ದಾರೆ. ಆದ್ದರಿಂದ ಸಮುದಾಯ ಜೀವನ ಎಂಬ ಮಾತಿಗೆ ಇಲ್ಲಿ ಹೆಚ್ಚಿನ ಹೊಣೆಯಿದೆ. ಊರ ಮುಂದಿನ ಓಣಿಯ ನಳದಲ್ಲಿ ದಿನವೂ ನೀರು ಬಂದು, ಕೊನೆಯ ಕೇರಿಯ ನಳದಲ್ಲಿ ವಾರಕ್ಕೊಮ್ಮೆ ಬರುವಂತಿದ್ದರೆ, ಆ ಊರಿನಲ್ಲಿ ಎಷ್ಟೇ ಗಿಡಗಳನ್ನು ನೆಟ್ಟಿದ್ದರೂ ಅದನ್ನು ಸುಸ್ಥಿರವೆಂದು ಪರಿಗಣಿಸಲಾಗದು.

ನಾಲ್ಕು ಭಾಗಗಳು, ಬೇರೆ ಬೇರೆ ಸಮಸ್ಯೆಗಳು

1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಕೊಪ್ಪಳ ಜಿಲ್ಲೆಯಲ್ಲಿ ಆರಂಭದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಿದ್ದವು. ಮುಂದೆ ಕನಕಗಿರಿ, ಕಾರಟಗಿ ಮತ್ತು ಕುಕನೂರು ತಾಲ್ಲೂಕುಗಳು ರಚನೆಯಾಗಿವೆ. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿಲಿಮೀಟರಿಗಿಂತ ಕಡಿಮೆ. ಇಷ್ಟೇ ಮಳೆ ಬೀಳುವ ನೆಲದ ಒಂದು ಅಂಚಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಿವೆ. ಮತ್ತೊಂದು ಅಂಚಿನಲ್ಲಿ ಬೇಸಿಗೆ ಬಂತೆಂದರೆ ಗುಳೆ ಹೋಗುವ ಕುಟುಂಬಗಳಿವೆ. ಎರಡೂ ಕಡೆಗೆ ಒಂದೇ ಮಾದರಿಯ ಯೋಜನೆಯನ್ನು ಅನ್ವಯಿಸುವುದು ಸೂಕ್ತವಲ್ಲ.

ಗಂಗಾವತಿ ಭಾಗದಲ್ಲಿ ನೀರು ಹೆಚ್ಚಾಗಿರುವುದೇ ಸಮಸ್ಯೆಯ ಮೂಲ. ವರ್ಷಕ್ಕೆ ಎರಡು ಬಾರಿ ಭತ್ತ ಬೆಳೆದು ಹೊಲದಲ್ಲಿ ಸದಾ ನೀರು ನಿಲ್ಲಿಸಿದಾಗ ಅಂತರ್ಜಲ ಮೇಲೇರುತ್ತದೆ, ಅದರೊಂದಿಗೆ ಲವಣವೂ ಮೇಲಕ್ಕೆ ಬಂದು ಮಣ್ಣು ಸವಳಾಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲವಣಪೀಡಿತ ಮಣ್ಣುಗಳ ನಿರ್ವಹಣೆಗಾಗಿಯೇ ಅಖಿಲ ಭಾರತ ಸಮನ್ವಯ ಯೋಜನೆಯ ಘಟಕವಿದ್ದು, ಬಸಿಗಾಲುವೆ ತೆಗೆಯುವ ವಿಧಾನ ಹಾಗೂ ಲವಣವನ್ನು ಸಹಿಸುವ ತಳಿಗಳ ಬಗ್ಗೆ ರೈತರು ಅಲ್ಲಿಂದ ಸಲಹೆ ಪಡೆಯಬಹುದು. ಮೇಲ್ಭಾಗದವರು ಅಗತ್ಯ ಮೀರಿ ನೀರು ಹಾಯಿಸಿದರೆ ಅವರ ಮಣ್ಣೂ ಕೆಡುತ್ತದೆ, ಕಾಲುವೆಯ ಕೊನೆಯಂಚಿನ ರೈತರಿಗೆ ನೀರೂ ತಲುಪುವುದಿಲ್ಲ. ಈ ಸರಳ ಸಂಗತಿಯನ್ನು ಸರಿಪಡಿಸಲು ನೀರು ಬಳಕೆದಾರರ ಸಹಕಾರ ಸಂಘಗಳೇ ವೇದಿಕೆ. ಬಹುತೇಕ ಕಡೆ ಈ ಸಂಘಗಳ ಸಭೆಗೆ ಹಾಜರಾತಿ ಕಡಿಮೆಯಿರುವುದು ವಿಷಾದದ ಸಂಗತಿ.

ನದಿಯ ನೀರನ್ನು ಹಂಚಿಕೊಂಡು ಬಾಳುವ ಪದ್ಧತಿ ಈ ಭಾಗಕ್ಕೆ ಹೊಸದಲ್ಲ. ಅಣೆಕಟ್ಟು ನಿರ್ಮಾಣಕ್ಕೆ ಶತಮಾನಗಳ ಹಿಂದೆಯೇ ವಿಜಯನಗರದ ಅರಸರ ಕಾಲದಲ್ಲಿ ನದಿಗೆ ಕಲ್ಲಿನ ಒಡ್ಡುಗಳನ್ನು ಕಟ್ಟಿ ತೆಗೆದ ಕಾಲುವೆಗಳು ಆನೆಗೊಂದಿ, ಹುಲಿಗಿ, ಶಿವಪುರ, ಗಂಗಾವತಿ ಭಾಗದಲ್ಲಿ ಇಂದಿಗೂ ನೀರುಣಿಸುತ್ತಿವೆ. 1953ರಲ್ಲಿ ನೀರು ತುಂಬಿದ ತುಂಗಭದ್ರಾ ಜಲಾಶಯದ ಮೂಲ ಸಂಗ್ರಹ ಸಾಮರ್ಥ್ಯ ಸುಮಾರು 133 ಟಿಎಂಸಿ ಇತ್ತು. ಹೂಳಿನ ಕಾರಣದಿಂದ ಅದು ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. ಮೇಲ್ಭಾಗದ ಹೊಲಗಳಿಂದ ಕೊಚ್ಚಿಹೋದ ಮಣ್ಣು ಜಲಾಶಯದ ತಳದಲ್ಲಿ ಸೇರಿಕೊಂಡಿರುವುದೇ ಇದರ ಅರ್ಥ. 2024ರ ಆಗಸ್ಟ್ 10ರಂದು ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿ ತುಂಬಿದ ನೀರು ನದಿಗೆ ಹರಿದಾಗ, ಕಾಲುವೆಯನ್ನೇ ನೆಚ್ಚಿದ ಊರುಗಳು ಎದುರಿಸಿದ ಆತಂಕವನ್ನು ಇಲ್ಲಿ ನೆನೆಯಬಹುದು.

ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಸ್ಥಿತಿ ಇದಕ್ಕೆ ವ್ಯತಿರಿಕ್ತ. ಇಲ್ಲಿನ ಎರೆ ಮತ್ತು ಮಸಾರಿ ಭೂಮಿಗಳು ಹೆಚ್ಚಾಗಿ ಮಳೆಯನ್ನೇ ಅವಲಂಬಿಸಿವೆ. ಹೊಲದ ಒಡ್ಡು ಗಟ್ಟಿಯಾಗಿದ್ದು ಬಿದ್ದ ಮಳೆ ಬಿದ್ದಲ್ಲಿಯೇ ಇಂಗಿದರೆ ಜೋಳ, ಸಜ್ಜೆ, ಹೆಸರು, ತೊಗರಿ, ಕಡಲೆಗಳ ಬೆಳೆ ಕೈಗೆ ಹತ್ತುತ್ತದೆ. ಒಂದೇ ಬೆಳೆಯನ್ನು ನೆಚ್ಚದೆ ಅಕ್ಕಡಿ ಸಾಲುಗಳಲ್ಲಿ ಕಾಳುಗಳನ್ನು ಬಿತ್ತುವುದು, ಸುಗ್ಗಿಯ ನಂತರ ಕುರಿಹಿಂಡನ್ನು ಹೊಲದಲ್ಲಿ ತರುಬಿ ಗೊಬ್ಬರ ಪಡೆಯುವುದು ಇವು ಹಿರಿಯರು ಬಲ್ಲ ಪದ್ಧತಿಗಳೇ. ಉದ್ಯೋಗ ಖಾತರಿಯ 2005ರ ಕಾಯ್ದೆ ಹಾಗೂ 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಅಡಿಯಲ್ಲಿ ಈ ಭಾಗದಲ್ಲಿ ಕೃಷಿ ಹೊಂಡ ಮತ್ತು ಒಡ್ಡುಗಳನ್ನು ನಿರ್ಮಿಸಲಾಗಿದೆ. ಈಗಿರುವ ಹೊಂಡದ ಹೂಳನ್ನು ತೆಗೆಯದೆ ಹೊಸ ಹೊಂಡಕ್ಕೆ ಅರ್ಜಿ ಹಾಕುವುದರಿಂದ ಪ್ರಯೋಜನವಿಲ್ಲ.

ಕೆರೆ ಮತ್ತು ಹಳ್ಳ

ಸಮುದಾಯವು ತಾನೇ ಮುಂದಾಗಿ ಮಾಡಬಹುದಾದ ಕೆಲಸಕ್ಕೆ ಜಿಲ್ಲೆಯಲ್ಲಿಯೇ ನಿದರ್ಶನಗಳಿವೆ. ಕೊಪ್ಪಳ ತಾಲ್ಲೂಕಿನ ಹಿರೇಹಳ್ಳವು ಜಾಲಿ, ಆಪು ಮತ್ತು ಹೂಳಿನಿಂದ ಮುಚ್ಚಿಹೋಗಿತ್ತು. 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ನೇತೃತ್ವದಲ್ಲಿ 20 ಕಿಲೋಮೀಟರಿಗಿಂತ ಹೆಚ್ಚು ಉದ್ದದ ಹಳ್ಳದ ಪಾತ್ರವನ್ನು ಸಾರ್ವಜನಿಕರ ದೇಣಿಗೆ ಮತ್ತು ಶ್ರಮದಾನದಿಂದ ಸ್ವಚ್ಛಗೊಳಿಸಲಾಯಿತು. ಅದೇ ವರ್ಷ ಕುಷ್ಟಗಿ ತಾಲ್ಲೂಕಿನ ನಿಡಶೇಸಿ ಕೆರೆಯ ಹೂಳನ್ನು ಜನರ ಸಹಭಾಗಿತ್ವದಲ್ಲಿ ತೆಗೆಯಲಾಯಿತು. ಯಲಬುರ್ಗಾ ಭಾಗದ ತಲ್ಲೂರು ಕೆರೆಯ ಹೂಳೆತ್ತುವ ಕಾರ್ಯವು 2017ರಲ್ಲಿ ಚಲನಚಿತ್ರ ನಟ ಯಶ್ ಅವರ ಯಶೋಮಾರ್ಗ ಪ್ರತಿಷ್ಠಾನದ ನೆರವಿನಿಂದ ನಡೆಯಿತು.

ಹೂಳು ತೆಗೆಯುವುದು ಕೆಲವು ತಿಂಗಳ ಕೆಲಸ, ಕೆರೆಯನ್ನು ಉಳಿಸಿಕೊಳ್ಳುವುದು ವರ್ಷಗಟ್ಟಲೆ ನಡೆಯಬೇಕಾದ ಕೆಲಸ. ಜಾತ್ರೆಯ ಉತ್ಸಾಹದಲ್ಲಿ ಮೊದಲನೆಯದು ಮುಗಿಯುತ್ತದೆ. ಎರಡನೆಯದಕ್ಕೆ ಹೆಸರು ಹಚ್ಚಿದ ಜನ ಬೇಕು. ಕೆರೆಗೆ ನೀರು ತರುವ ಹಳ್ಳಗಳ ಒತ್ತುವರಿಯನ್ನು ಗುರುತಿಸುವವರು ಯಾರು, ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿಯ ಸಸಿ ಮತ್ತೆ ಎದ್ದಾಗ ಕೀಳುವವರು ಯಾರು, ಮೀನು ಹರಾಜಿನ ಹಣದಲ್ಲಿ ಕೆರೆಗೆ ಎಷ್ಟು ಮೀಸಲು, ತೂಬನ್ನು ಯಾವ ದಿನ ತೆಗೆಯಬೇಕು ಎಂಬ ಪ್ರಶ್ನೆಗಳಿಗೆ ಉತ್ತರವು ಗ್ರಾಮಸಭೆಯ ನಡಾವಳಿಯಲ್ಲಿ ಬರಹ ರೂಪದಲ್ಲಿರತಕ್ಕದ್ದು. ತೆಗೆದ ಹೂಳನ್ನು ದೊಡ್ಡ ಹಿಡುವಳಿದಾರರು ಮಾತ್ರ ಟ್ರ್ಯಾಕ್ಟರಿನಲ್ಲಿ ಸಾಗಿಸಿಕೊಳ್ಳದಂತೆ ಸಣ್ಣ ರೈತರ ಹೊಲಗಳಿಗೂ ಪಾಲು ನಿಗದಿಪಡಿಸುವುದು ಒಳಿತು. ಹೂಳು ಮಣ್ಣು ಮಸಾರಿ ಭೂಮಿಗೆ ಬಹಳ ಉಪಯುಕ್ತ.

ಊರಿನ ಗಾಯರಾಣವೂ ಇದೇ ಲೆಕ್ಕಕ್ಕೆ ಸೇರಿದ್ದು. ಇದನ್ನು ಬಂಜರು ಎಂದು ಬಗೆಯುವ ರೂಢಿ ಸರಿಯಲ್ಲ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿ ವನ್ಯಜೀವಿ ಧಾಮ ರೂಪುಗೊಂಡಿರುವುದು ಇಂತಹ ಕುರುಚಲು ಹುಲ್ಲುಗಾವಲಿನಲ್ಲಿಯೇ.

ಕುಡಿಯುವ ನೀರು ಮತ್ತು ಮನೆ

ಜಿಲ್ಲೆಯ ಹಲವು ಗ್ರಾಮಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಮಿತಿಗಿಂತ ಹೆಚ್ಚಾಗಿದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಣೀಯ ಮಿತಿ. ಬೇರೆ ಮೂಲವಿಲ್ಲದಿದ್ದಲ್ಲಿ ಮಾತ್ರ 1.5 ಮಿಲಿಗ್ರಾಂವರೆಗೆ ಅವಕಾಶವಿದೆ. ಇದಕ್ಕೂ ಹೆಚ್ಚಿನ ಅಂಶವುಳ್ಳ ನೀರನ್ನು ಕುಡಿಯುತ್ತಾ ಬಂದ ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆಗಳು ಮೂಡುತ್ತವೆ. ಪ್ರಮಾಣ ಇನ್ನೂ ಹೆಚ್ಚಿದ್ದು ವರ್ಷಗಟ್ಟಲೆ ಮುಂದುವರಿದರೆ ಕೀಲು ಮೂಳೆಗಳು ಬಿರುಸಾಗಿ ಬೆನ್ನು ಬಾಗುತ್ತದೆ. ನೀರನ್ನು ಕಾಯಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನು ವಿಶೇಷವಾಗಿ ತಿಳಿಯಬೇಕು. ಶುದ್ಧ ಕುಡಿಯುವ ನೀರಿನ ಘಟಕಗಳಿಂದ ಹೊರಬೀಳುವ ನೀರಿನಲ್ಲಿ ಈ ಅಂಶ ಇನ್ನಷ್ಟು ಸಾಂದ್ರವಾಗಿರುವುದರಿಂದ ಅದನ್ನು ಬಾವಿಯ ಸಮೀಪ ಹರಿಯಬಿಡಬಾರದು. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರನ್ನು ಮನೆಯ ನಳಕ್ಕೆ ಒದಗಿಸುವ ಗುರಿ ಹೊಂದಿದೆ. ಆದರೂ ಮಳೆನೀರು ಸಂಗ್ರಹವು ಪ್ರತಿ ಮನೆಯ ಕೈಯಲ್ಲಿಯೇ ಇರುವ ಮೂಲ.

ಇದರ ಲೆಕ್ಕ ಕಠಿಣವಲ್ಲ. 50 ಚದರ ಮೀಟರ್ ಛಾವಣಿಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ 25,000 ಲೀಟರ್ ನೀರಾಗುತ್ತದೆ. ಮೊದಲ ಮಳೆಯ ಕೊಳೆನೀರು ಮತ್ತು ಸೋರಿಕೆಯನ್ನು ಕಳೆದರೂ 20,000 ಲೀಟರ್ ದೊರೆಯುತ್ತದೆ. ಐದು ಜನರ ಕುಟುಂಬವು ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 40 ಲೀಟರ್ ಬಳಸಿದರೆ ಅಷ್ಟು ನೀರು 500 ದಿನಗಳಿಗೆ ಸಾಕು. ಬರಗಾಲದಲ್ಲಿ 300 ಮಿಲಿಮೀಟರ್ ಮಾತ್ರ ಬಿದ್ದರೂ 12,000 ಲೀಟರ್, ಅಂದರೆ 300 ದಿನಗಳ ನೀರು ಸಿಗುತ್ತದೆ. ಅಷ್ಟನ್ನು ಹಿಡಿದಿಡುವ ತೊಟ್ಟಿಯ ವೆಚ್ಚವೇ ಇಲ್ಲಿನ ನಿಜವಾದ ತೊಡಕು. ಅಕ್ಕಪಕ್ಕದ ಎರಡು ಮೂರು ಮನೆಗಳು ಸೇರಿ ಒಂದು ತೊಟ್ಟಿ ಕಟ್ಟಿಕೊಂಡರೆ, ಅಥವಾ ಶಾಲೆಯ ಛಾವಣಿಯಿಂದ ಆರಂಭಿಸಿದರೆ ವೆಚ್ಚ ಹಗುರವಾಗುತ್ತದೆ.

ಈ ಭಾಗದ ಹಳೆಯ ಮೇಲ್ಮುದ್ದೆಯ ಮನೆಗಳು ದಪ್ಪ ಗೋಡೆ, ಮಣ್ಣಿನ ಮಾಳಿಗೆ ಮತ್ತು ಬೆಳಕಿಂಡಿಗಳಿಂದಾಗಿ ಬೇಸಿಗೆಯಲ್ಲಿ ತಂಪಾಗಿರುತ್ತವೆ. ಅವುಗಳನ್ನು ಕೆಡವಿ ತಗಡಿನ ಮನೆ ಕಟ್ಟಿಕೊಂಡವರಿಗೆ ಮೇ ತಿಂಗಳ ಮಧ್ಯಾಹ್ನ ಏನೆಂಬುದು ಗೊತ್ತಿದೆ. ಮಣ್ಣಿನ ಮಾಳಿಗೆಯಿಂದ ಕುಡಿಯುವ ನೀರು ಸಂಗ್ರಹಿಸಲು ಬಾರದು ಎಂಬುದೂ ಅಷ್ಟೇ ನಿಜ. ಆದ್ದರಿಂದ ಇರುವ ಮಾಳಿಗೆಯನ್ನು ದುರಸ್ತಿ ಮಾಡಿಕೊಂಡು, ನೀರಿಗಾಗಿ ದನದ ಕೊಟ್ಟಿಗೆ ಅಥವಾ ಪಡಸಾಲೆಯ ಮೇಲೆ ಗಟ್ಟಿ ಛಾವಣಿ ಹಾಕಿಕೊಳ್ಳುವುದನ್ನು ಪರಿಶೀಲಿಸಬಹುದು.

ಶೌಚಾಲಯ ಮತ್ತು ಇಂಧನ

ಗಂಗಾವತಿ ತಾಲ್ಲೂಕಿನ ದಾನಾಪುರದಲ್ಲಿ ವಿದ್ಯಾರ್ಥಿನಿಯೊಬ್ಬಳು ಮನೆಗೆ ಶೌಚಾಲಯ ಬೇಕೆಂದು ಉಪವಾಸ ಕುಳಿತಳು. ಗ್ರಾಮ ಪಂಚಾಯಿತಿಯು ಸ್ಪಂದಿಸಿದ್ದರಿಂದ ಒಂದು ವಾರದೊಳಗೆ ಶೌಚಾಲಯ ಸಿದ್ಧವಾಯಿತು. 2016ರ ಆಗಸ್ಟ್‌ನಲ್ಲಿ ಪ್ರಧಾನಮಂತ್ರಿಯವರು ತಮ್ಮ ಆಕಾಶವಾಣಿ ಭಾಷಣದಲ್ಲಿ ಇದನ್ನು ಪ್ರಸ್ತಾಪಿಸಿದರು. ಪರಿಸರ ಗ್ರಾಮದ ಚರ್ಚೆಯಲ್ಲಿ ಹೆಣ್ಣುಮಕ್ಕಳ ಮಾತಿಗೆ ಎಷ್ಟು ಬೆಲೆಯಿರಬೇಕೆಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ತಾಂತ್ರಿಕವಾಗಿ ಹೇಳುವುದಾದರೆ ಅವಳಿ ಗುಂಡಿಯ ಶೌಚಾಲಯವೇ ಗ್ರಾಮಗಳಿಗೆ ಸೂಕ್ತ. ಒಂದು ಗುಂಡಿ ತುಂಬಿದ ಮೇಲೆ ಅದನ್ನು ಮುಚ್ಚಿ ಎರಡನೆಯದಕ್ಕೆ ತಿರುಗಿಸಿದರೆ, ಮುಚ್ಚಿದ ಗುಂಡಿಯಲ್ಲಿನ ತ್ಯಾಜ್ಯವು ಒಂದು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಗೊಬ್ಬರವಾಗಿ ಮಾರ್ಪಡುತ್ತದೆ. ಎರೆ ಭೂಮಿಯಲ್ಲಿ ನೀರು ಬೇಗ ಇಂಗದ ಕಾರಣ ಗುಂಡಿಯ ಸುತ್ತ ಮರಳು ಮತ್ತು ಜಲ್ಲಿಯ ಪದರ ಹಾಕಿಸುವುದು ಅಗತ್ಯ.

ಇಂಧನದ ವಿಷಯದಲ್ಲಿ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಚಿಕ್ಕ ಗ್ರಾಮದ ಅನುಭವ ಮನನಯೋಗ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಒಲೆಯಿಂದಾಗಿ ಮನೆಮಾತಾದ 'ಅಸ್ತ್ರ' ಕೇಂದ್ರವು ಅಲ್ಲಿ ಸಾಮುದಾಯಿಕ ಜೈವಿಕ ಅನಿಲ ಸ್ಥಾವರವನ್ನು ನಿರ್ಮಿಸಿತು. ಪ್ರೊ. ಎ.ಕೆ.ಎನ್. ರೆಡ್ಡಿಯವರು ಈ ಕೇಂದ್ರದ ಸ್ಥಾಪಕರು. ಎಲ್ಲ ಮನೆಗಳ ಅಡುಗೆಗೆ ಅನಿಲ ಒದಗಿಸುವುದು ಮೂಲ ಉದ್ದೇಶವಾಗಿತ್ತು, ಆದರೆ ಊರಿನ ದನಗಳ ಸಗಣಿ ಅದಕ್ಕೆ ಸಾಲದಾಯಿತು. ಅನಂತರ 1987ರಿಂದ ಅದೇ ಅನಿಲದಿಂದ ಎಂಜಿನ್ ನಡೆಸಿ ಮನೆಗಳಿಗೆ ವಿದ್ಯುದ್ದೀಪ ಮತ್ತು ಕುಡಿಯುವ ನೀರನ್ನು ಒದಗಿಸಲಾಯಿತು. ಸಗಣಿ ಕೊಟ್ಟ ಮನೆಗಳಿಗೆ ಬಗ್ಗಡವನ್ನು ಗೊಬ್ಬರವಾಗಿ ಹಿಂದಿರುಗಿಸಲಾಗುತ್ತಿತ್ತು. ಊರಿನಲ್ಲಿ ಏನಿದೆ, ಎಷ್ಟಿದೆ ಎಂದು ಅಳೆಯದೆ ಯಂತ್ರವನ್ನು ತರಬಾರದೆಂಬ ಪಾಠ ಇಲ್ಲಿದೆ. ಕುಷ್ಟಗಿ, ಯಲಬುರ್ಗಾ ಭಾಗದ ಹೊಲಗಳಲ್ಲಿ ಈಗ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಆದರೆ ಬೀದಿದೀಪಗಳು ಹಗಲಿನಲ್ಲಿಯೂ ಉರಿಯುತ್ತಿದ್ದರೆ ಗಾಳಿಯಂತ್ರದಿಂದ ಊರಿಗೆ ಬಂದ ಪ್ರಯೋಜನವೇನೆಂದು ಕೇಳಬೇಕಾಗುತ್ತದೆ.

ದುಡಿಮೆ

ಸ್ಥಳೀಯವಾಗಿ ದುಡಿಮೆ ಇಲ್ಲದ ಊರಿನಲ್ಲಿ ಸುಸ್ಥಿರ ಜೀವನದ ಮಾತು ನಿಲ್ಲುವುದಿಲ್ಲ, ಗುಳೆ ಹೋದವರು ಗ್ರಾಮಸಭೆಗೆ ಬರಲಾರರು. ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ 1997ರಲ್ಲಿ ಆರಂಭವಾದ ಕಿಷ್ಕಿಂಧಾ ಟ್ರಸ್ಟ್, ಗೊನೆ ಕಡಿದ ಮೇಲೆ ತೋಟದಲ್ಲಿ ಎಸೆಯಲಾಗುತ್ತಿದ್ದ ಬಾಳೆದಿಂಡನ್ನು ಕಚ್ಚಾವಸ್ತುವಾಗಿ ಬಳಸುವ ಕಸುಬನ್ನು ಮಹಿಳೆಯರಿಗೆ ಕಲಿಸಿತು. ದಿಂಡಿನ ಪಟ್ಟೆಗಳನ್ನು ಸುಲಿದು, ಒಣಗಿಸಿ, ಹುರಿ ಹೊಸೆದು ಚೀಲ, ಚಾಪೆ, ಬುಟ್ಟಿಗಳನ್ನು ತಯಾರಿಸಲಾಗುತ್ತದೆ. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರ ಕುಟುಂಬಗಳು ಹಗುರ ಮರ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನಿಂದ ಗೊಂಬೆಗಳನ್ನು ಮಾಡುವ ಕಲೆಗೆ ಭೌಗೋಳಿಕ ಸೂಚ್ಯಂಕ ಮಾನ್ಯತೆ ದೊರೆತಿದೆ. ಮಾನ್ಯತೆಯೊಂದಿಗೆ ಮರವೂ ದೊರೆಯಬೇಕಲ್ಲವೇ? ಆ ಮರದ ಸಸಿಗಳನ್ನು ಊರಿನ ಸುತ್ತ ಬೆಳೆಸುವ ಪ್ರಸ್ತಾವವನ್ನು ಗ್ರಾಮ ಪಂಚಾಯಿತಿಗಳು ಅರಣ್ಯ ಇಲಾಖೆಯ ಮುಂದಿಡಬಹುದು.

ಆನೆಗೊಂದಿಯ ಸಮೀಪದಲ್ಲಿಯೇ ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ವಿರೂಪಾಪುರಗಡ್ಡೆಯಲ್ಲಿ ಪ್ರವಾಸಿಗರಿಗಾಗಿ ಅನುಮತಿಯಿಲ್ಲದೆ ನಿರ್ಮಿಸಿದ್ದ ರೆಸಾರ್ಟ್‌ಗಳನ್ನು ಸರ್ವೋಚ್ಚ ನ್ಯಾಯಾಲಯದ 2020ರ ಫೆಬ್ರವರಿಯ ತೀರ್ಪಿನ ನಂತರ ಮಾರ್ಚ್ ತಿಂಗಳಲ್ಲಿ ತೆರವುಗೊಳಿಸಲಾಯಿತು. ಅಲ್ಲಿ ದುಡಿಯುತ್ತಿದ್ದ ಸ್ಥಳೀಯರು ಕೆಲಸ ಕಳೆದುಕೊಂಡರು.

ಈ ಕಾರಣದಿಂದ ಸಾರ್ವಜನಿಕರಿಗೆ ಒಂದು ಎಚ್ಚರಿಕೆ. 'ಇಕೋ ವಿಲೇಜ್' ಎಂಬ ಹೆಸರಿನಲ್ಲಿ ತೋಟದ ನಿವೇಶನಗಳನ್ನು ಮಾರಾಟ ಮಾಡುವವರಿಂದ ಖರೀದಿಸುವ ಮೊದಲು ಭೂಪರಿವರ್ತನೆ ಆದೇಶವನ್ನೂ, ಅನ್ವಯವಾಗುವಲ್ಲಿ ರೇರಾ ನೋಂದಣಿಯನ್ನೂ ಪರಿಶೀಲಿಸತಕ್ಕದ್ದು. ವಿಶ್ವ ಪರಂಪರೆ ಪ್ರದೇಶದ ವ್ಯಾಪ್ತಿಯ ಗ್ರಾಮಗಳಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಅನುಮತಿಯೂ ಅಗತ್ಯ.

ಅರ್ಜಿ ಸಲ್ಲಿಸುವವರು ಅನುಸರಿಸಬೇಕಾದ ಕ್ರಮ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ವಾರ್ಡ್ ಸಭೆ ಮತ್ತು ಗ್ರಾಮಸಭೆಗಳನ್ನು ಕನಿಷ್ಠ ಆರು ತಿಂಗಳಿಗೊಮ್ಮೆ ಕರೆಯಬೇಕು. ಪರಿಸರ ಗ್ರಾಮದ ಯಾವುದೇ ಬೇಡಿಕೆ ಮೊದಲು ವಾರ್ಡ್ ಸಭೆಯಲ್ಲಿ ಮಂಡನೆಯಾಗಿ, ಗ್ರಾಮಸಭೆಯ ಠರಾವಿನಲ್ಲಿ ದಾಖಲಾಗಿ, ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಯೋಜನೆಯಲ್ಲಿ ಸೇರ್ಪಡೆಯಾಗಬೇಕು. ಠರಾವಿಲ್ಲದ ಬಿಡಿ ಅರ್ಜಿಗಳು ಕಚೇರಿಯಿಂದ ಕಚೇರಿಗೆ ಅಲೆಯುವುದೇ ಹೆಚ್ಚು. ಜೈವಿಕ ವೈವಿಧ್ಯ ಅಧಿನಿಯಮ, 2002ರಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರ, ತಳಿ, ಜಾನುವಾರು ಮತ್ತು ಜಲಮೂಲಗಳ ವಿವರವನ್ನು ಈ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡುತ್ತದೆ. ಆ ಪುಸ್ತಕ ನಿಮ್ಮ ಪಂಚಾಯಿತಿಯಲ್ಲಿದೆಯೇ, ಅದರಲ್ಲಿ ನಿಮ್ಮ ಹಳ್ಳದ ಹೆಸರಿದೆಯೇ ಎಂದು ಕೇಳಿ ನೋಡುವ ಹಕ್ಕು ಪ್ರತಿಯೊಬ್ಬ ಗ್ರಾಮಸ್ಥರಿಗೂ ಇದೆ.

ಕೈಗಾರಿಕೆಗಳಿರುವ ಕೊಪ್ಪಳ ಸುತ್ತಲಿನ ಗ್ರಾಮಗಳವರು ಇನ್ನೊಂದು ವಿಧಾನವನ್ನೂ ತಿಳಿದಿರಬೇಕು. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಂತೆ ಸಾರ್ವಜನಿಕ ಆಲಿಕೆಗೆ ಒಳಪಡುವ ಯೋಜನೆಗಳ ಬಗ್ಗೆ ಕನಿಷ್ಠ 30 ದಿನಗಳ ಮುಂಚಿತ ಪ್ರಕಟಣೆ ನೀಡಲಾಗುತ್ತದೆ. ಆ ಅವಧಿಯಲ್ಲಿ ಲಿಖಿತ ಅಭಿಪ್ರಾಯವನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸಬಹುದು, ಆಲಿಕೆಯಲ್ಲಿ ಖುದ್ದಾಗಿಯೂ ಮಾತನಾಡಬಹುದು. 2025ರ ಫೆಬ್ರವರಿಯಲ್ಲಿ ನಗರದ ಸಮೀಪದ ಉಕ್ಕು ಕಾರ್ಖಾನೆಯೊಂದರ ವಿಸ್ತರಣೆಯನ್ನು ವಿರೋಧಿಸಿ ಕೊಪ್ಪಳ ಬಂದ್ ನಡೆದುದು ಸಾರ್ವಜನಿಕರಿಗೆ ತಿಳಿದಿದೆ. ಆಲಿಕೆಯಲ್ಲಿ ಹೇಳಿದ ಮಾತು ಕಡತದಲ್ಲಿ ದಾಖಲೆಯಾಗಿ ಉಳಿಯುತ್ತದೆ ಎಂಬುದನ್ನು ಗಮನದಲ್ಲಿಡಬೇಕು.

ಠರಾವಿನ ಪ್ರತಿಯೊಂದಿಗೆ ಮನೆಗಳ ಸಂಖ್ಯೆ, ಕೇರಿವಾರು ನಳಗಳ ವಿವರ, ಬಾವಿ ಮತ್ತು ಕೊಳವೆಬಾವಿಗಳ ಪಟ್ಟಿ, ನೀರಿನ ಪರೀಕ್ಷಾ ವರದಿ, ಜಾನುವಾರುಗಳ ಸಂಖ್ಯೆ, ಕೆರೆ ಹಾಗೂ ಗಾಯರಾಣದ ಸರ್ವೆ ನಂಬರುಗಳನ್ನು ಲಗತ್ತಿಸಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಸವಳು ಭೂಮಿ, ಒಡ್ಡು ಹಾಗೂ ಕೃಷಿ ಹೊಂಡದ ವಿಷಯಗಳಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬೇಕು. ಯೋಜನೆಗಳ ಸಹಾಯಧನ ಮತ್ತು ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಆಯಾ ವರ್ಷ ಜಾರಿಯಲ್ಲಿರುವ ಮಾರ್ಗಸೂಚಿಯ ಪ್ರತಿಯನ್ನು ಅರ್ಜಿ ಸಲ್ಲಿಸುವಾಗಲೇ ಕೇಳಿ ಪಡೆಯುವುದು. ಗ್ರಾಮಸಭೆಯ ದಿನಾಂಕವನ್ನು ಡಂಗುರದ ಮೂಲಕ ಕೊನೆಯ ಕೇರಿಯವರೆಗೂ ಸಾರಲಾಗಿದೆಯೇ ಎಂಬುದನ್ನು ಅರ್ಜಿದಾರರು ಖಚಿತಪಡಿಸಿಕೊಳ್ಳಬೇಕು.